ತುಪ್ಪ ತಿಂದ ಗೆಂಡೆ ಮೀನು

ಹುಡುಗಿಯ ಅಪ್ಪನನ್ನು ಮೆಚ್ಚಿಸಲು ಗೆಂಡೆ ಮೀನಿನ ಎರೆಗೆ ತುಪ್ಪ ಸುರಿದ ಪೆದ್ದ ನಾನೇ. ಮದುವೆ ಮಾತಿಗೆಂದು ವಿಶಾಖಪಟ್ಟಣದಿಂದ ವಿಜಯವಾಡಕ್ಕೆ ಹೋದ ನನ್ನನ್ನು, ಮಂಡ್ಯ ಮೂಲದ ಆ ಹಿರಿಯರು ಚಳಿಯ ಬೆಳಗ್ಗೆ ಕಾಲುವೆಗೆ ಕರೆದೊಯ್ದಿದ್ದರು. ಅವರು ತವುಡು, ಅನ್ನವನ್ನಷ್ಟೇ ಕಲಸಿದ್ದರು. ನಾನು ಕಡಲೆಕಾಯಿ ಹಿಂಡಿಗೆ ತುಪ್ಪ ಬೆರೆಸಿ, ಉಂಡೆ ಕಟ್ಟಿ, ಗಾಳ ಹಾಕುವ ಮೊದಲೇ ನೀರಿಗೆ ಧಾರಾಳವಾಗಿ ಎಸೆದೆ. ಮೀನುಗಳು ಬಂದವು, ತಿಂದವು. ಆಮೇಲೆ ಇಬ್ಬರ ಗಾಳವನ್ನೂ ಮೂಸಲಿಲ್ಲ.

“ಚಳೀಲಿ ಜಿಡ್ಡು ಅರಗಲ್ಲ ಬಾಬು. ಇನ್ನು ಅವಕ್ಕೆ ಹಸಿವೆಲ್ಲಿ?” ಎಂದರು.

ಸಿಕ್ಕವರನ್ನೆಲ್ಲ ಅಣಕಿಸುವ ನಾನು, ಅವರನ್ನು ನಗಿಸಲು ಕೆನ್ನೆ ಉಬ್ಬಿಸಿ ತೇಗುವ ಮೀನಿನಂತೆ ನಟಿಸಿದೆ. ಅವರು ನಗಲಿಲ್ಲ. ಬರಿಗೈಯಲ್ಲಿ ಮರಳುವಾಗ, “ಮದುವೆ ವಿಚಾರ ಏನು ಸಾರ್?” ಎಂದು ಮೆಲ್ಲಗೆ ಕೇಳಿದೆ.

“ಮಗಳನ್ನ ಕೊಡ್ತೀನಿ ಬಾಬು. ಅವಳಿಗೆ ಅಡುಗೆ ಮಾಡಿ ಹಾಕೋಕೆ ಮಾತ್ರ ಹೋಗ್ಬೇಡಿ.”