ಹೊಲಸು ನೀರಿನ ಘಟಕಕ್ಕೆ ನಾನು ಹಾಕಿದ ಸಹಿ

ಸಿಂದಗಿ ಹತ್ತಿರದ ನಮ್ಮ ಹಳ್ಳಿಯಲ್ಲಿ ನಾನು ಪಂಚಾಯಿತಿ ಸದಸ್ಯೆಯಾಗಿದ್ದಾಗ ಊರ ಹೊರಗೆ ಹೊಸ ಲೇಔಟ್ ಎದ್ದಿತು. ಅಲ್ಲಿನ ಮನೆಗಳ ಹೊಲಸು ನೀರನ್ನು ಶುದ್ಧ ಮಾಡುವ ಘಟಕವನ್ನು ಪರಿಶೀಲಿಸುವ ಕೆಲಸ ನನ್ನ ಪಾಲಿಗೆ ಬಂತು. ನಾನು ಹೋದ ದಿನ ಮೋಟರು ಓಡುತ್ತಿತ್ತು, ಪೈಪಿನಿಂದ ತಿಳಿನೀರು ಬೀಳುತ್ತಿತ್ತು. ನಂಬಿ ಸಹಿ ಹಾಕಿದೆ. ಮತ್ತೆಂದೂ ಆ ಕಡೆ ಹೋಗಲಿಲ್ಲ.

ಮರುವರ್ಷ, ಲೇಔಟಿನ ಕೆಳಗೆ ಹೊಲವಿದ್ದ, ಊರೆಲ್ಲ ಚಾಚಿ ಎಂದು ಕರೆಯುವ ಮುದುಕಿ ನನ್ನನ್ನು ಕರೆದೊಯ್ದು ತಮ್ಮ ಬಾವಿ ತೋರಿಸಿದರು. ನೀರಿನ ಮೇಲೆ ಕಪ್ಪು ನೊರೆ. ಬಗ್ಗಿದರೆ ಮಲದ ವಾಸನೆ.

"ಎಲ್ಲಾ ಬರೋಬ್ಬರಿ ಐತಿ ಅಂತ ಹೇಳಿದಾಕಿ ನೀನ ಹೌದಲ್ಲ?"

"ಅವತ್ತು ಚಾಲೂ ಇತ್ತು, ಚಾಚಿ."

"ಅವತ್ತ ಒಂದ ದಿನ ಕುಡಿದ್ರ ಸಾಕೇನವಾ ನಮಗ?"

ಅಲ್ಲಿಂದ ನೇರ ಘಟಕಕ್ಕೆ ಹೋಗಿ ನೋಡಿದರೆ ಲೇಔಟ್ ಕಟ್ಟಿಸಿದವರು ಮೋಟರನ್ನೇ ಬಿಚ್ಚಿಕೊಂಡು ಹೋಗಿದ್ದರು. ದೂರು ಕೊಡಲು ಹೋದ ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತರು ಕಡತ ತೆರೆದು, "ನೀವ ಒಪ್ಪಿಗಿ ಕೊಟ್ಟೀರಲ್ರಿ ಅಕ್ಕಾರ" ಎಂದರು. ಆಮೇಲೂ ಎಷ್ಟೋ ಸಲ ಅಲೆದೆ. ಏನೂ ಆಗಲಿಲ್ಲ.

ಕೊನೆಗೆ ಚಾಚಿ ಬಾವಿ ಮುಚ್ಚಿಸಿದರು. ನಾನೂ ಒಂದು ಬುಟ್ಟಿ ಮಣ್ಣು ಹೊತ್ತು ಹೋದೆ. ಅವರು ಬೇಡವೆನ್ನಲಿಲ್ಲ, ನನ್ನ ಕಡೆ ನೋಡಲೂ ಇಲ್ಲ.