ಮೊಯ್ರಾಳ ಬೆನ್ನು ಒಪ್ಪಿದ ಕಾರು

ಮೊಯ್ರಾ ಹೆಗಾರ್ಟಿ ನಿಂತುಕೊಂಡೇ ಊಟ ಮಾಡುತ್ತಿದ್ದಳು. ಅಡುಗೆಮನೆಯ ಕಟ್ಟೆಯ ಮೇಲೆ ತಟ್ಟೆ ಇಟ್ಟು, ಒಂದು ಕಾಲನ್ನು ಕೆಳಗಿನ ಮಣೆಯ ಮೇಲೆ ಊರಿ, ಹುರಿದ ಕುರಿಮಾಂಸದ ತುಂಡನ್ನೂ ಡಬ್ಬಿಯ ಬೀಟ್‌ರೂಟನ್ನೂ ಬೇಗಬೇಗ ನುಂಗಿ ಮುಗಿಸುತ್ತಿದ್ದಳು. ಕೂತರೆ ಸೊಂಟದಿಂದ ಹೊರಟ ನೋವು ಎಡಗಾಲಿನ ಹಿಂಬದಿಯಲ್ಲಿ ಇಳಿದು ಹಿಮ್ಮಡಿಯವರೆಗೆ ಬೆಂಕಿಯ ಗೆರೆ ಎಳೆದ ಹಾಗಾಗುತ್ತಿತ್ತು. ನಿಂತರೂ ನೋವೇ, ಆದರೆ ಅದು ಹಲ್ಲು ಕಚ್ಚಿ ತಡೆಯುವಂಥದ್ದು.

ತನ್ನೂರು ಪೀಟರ್‌ಬರೋ ಸುತ್ತಲಿನ ಉಣ್ಣೆ ಕತ್ತರಿಸುವ ಕೊಟ್ಟಿಗೆಗಳಲ್ಲಿ ಅವಳು ಇಪ್ಪತ್ತು ವರ್ಷಕ್ಕೂ ಮಿಕ್ಕಿ ದುಡಿದಿದ್ದಳು. ಗಂಡಸರು ಕುರಿಯ ಮೈಯಿಂದ ಉಣ್ಣೆಯನ್ನು ಕಂಬಳಿಯ ಹಾಗೆ ಒಂದೇ ತುಂಡಾಗಿ ಬಿಡಿಸಿ ನೆಲಕ್ಕೆ ಬಿಡುತ್ತಿದ್ದರು. ಅವಳು ಓಡಿ ಬಂದು ಬಗ್ಗಿ ಅದನ್ನು ಬಾಚಿ, ಮರದ ಮೇಜಿನ ಮೇಲೆ ಬೀಸಿ ಹರವಬೇಕಿತ್ತು, ಅಷ್ಟರಲ್ಲಿ ಇನ್ನೊಂದು ಬಿದ್ದಿರುತ್ತಿತ್ತು. ಅವಳು ಬೀಸಿದ ಉಣ್ಣೆ ಒಂದು ಮಡಿಕೆಯೂ ಇಲ್ಲದೆ ಬೀಳುತ್ತಿತ್ತು ಎಂದು ಕೊಟ್ಟಿಗೆಯವರು ಹೇಳುತ್ತಿದ್ದರು. ಒಂದು ಮಧ್ಯಾಹ್ನ ಹಾಗೆ ಬಗ್ಗಿದವಳು ಮೇಲೇಳಲಿಲ್ಲ. ನಾಲ್ವರು ಸೇರಿ ಬಾಗಿಲಿನ ಹಲಗೆಯ ಮೇಲೆ ಮಲಗಿಸಿ ಹೊತ್ತೊಯ್ದರು. ಅಲ್ಲಿಗೆ ಕೆಲಸ ಮುಗಿಯಿತು.

ಆಮೇಲೆ ಮಗಳು ಟೀಗನ್ ಅವಳನ್ನು ನೋಡಿಕೊಂಡಳು. ಬೆಳಿಗ್ಗೆ ಕಂಕುಳಿಗೆ ಕೈಕೊಟ್ಟು ಹಾಸಿಗೆಯಿಂದ ಎಬ್ಬಿಸುವುದು, ಸಾಕ್ಸು ತೊಡಿಸುವುದು, ಬಾತ್‌ರೂಮಿಗೆ ಕರೆದೊಯ್ಯುವುದು ಎಲ್ಲವೂ ಅವಳದೇ. ಇಪ್ಪತ್ತಾರರ ಹುಡುಗಿ, ಬಾಯಿ ಜೋರು, ಕೈ ಮೃದು. ಒಂದು ಶುಕ್ರವಾರ ಸಂಜೆ ಅವಳು ಕುಡಿದು, ತಾಯಿಯ ಹಳೆಯ ಪಿಕಪ್ ಗಾಡಿಯನ್ನು ಓಡಿಸಿಕೊಂಡು ಮನೆಗೆ ಬರುವಾಗ ಬೇಕರಿಯವರ ಮಗ ಕ್ಯಾಲಮ್ ಸೈಕಲ್ಲಿನಲ್ಲಿ ಹೋಗುತ್ತಿದ್ದ. ಹತ್ತೊಂಬತ್ತು ವರ್ಷದ ಹುಡುಗ. ಗಾಡಿ ಬಡಿದು ಅಲ್ಲೇ ಸತ್ತ.

ಟೀಗನ್ ನ್ಯಾಯಾಲಯದಲ್ಲಿ ತಪ್ಪೊಪ್ಪಿಕೊಂಡಳು. ಅವಳನ್ನು ನಗರದ ಹೊರಗಿನ ಹೆಂಗಸರ ಜೈಲಿಗೆ ಕಳಿಸಿದರು. ಪಿಕಪ್ ಗುಜರಿ ಸೇರಿತು. ಮೊಯ್ರಾ ಬೇಕರಿಯಿದ್ದ ಬೀದಿಗೆ ಹೋಗುವುದನ್ನು ಬಿಟ್ಟಳು. ಯಾರೂ ಅವಳಿಗೆ ಕೆಟ್ಟ ಮಾತಾಡಲಿಲ್ಲ. ಅಂಗಡಿಯಲ್ಲಿ ಅವಳು ಕಂಡಾಗ ಮಾತು ನಿಲ್ಲಿಸುತ್ತಿದ್ದರು, ಅಷ್ಟೇ. ಬೈದಿದ್ದರೆ ಚೆನ್ನಾಗಿತ್ತು ಎಂದು ಅವಳಿಗೆ ಎಷ್ಟೋ ಸಲ ಅನಿಸಿತು.

ಜೈಲು ಮೂರು ಗಂಟೆಯ ದಾರಿ. ಬಸ್ಸಿನಲ್ಲಿ ಒಮ್ಮೆ ಹೊರಟವಳು ನೋವು ತಾಳಲಾರದೆ ನಡುದಾರಿಯಲ್ಲಿ, ಬರ್ರಾ ಎಂಬ ಊರಿನಲ್ಲೇ ಇಳಿದುಬಿಟ್ಟಳು. ಕಣ್ಣು ಕತ್ತಲಿಟ್ಟು ರಸ್ತೆಬದಿಯ ಹುಲ್ಲಿನ ಮೇಲೆ ಮಲಗಿದವಳನ್ನು ಯಾರೋ ಅಪರಿಚಿತರು ಮನೆ ಮುಟ್ಟಿಸಿದರು. ಆಮೇಲೆ ಉಳಿದದ್ದು ಫೋನು. ಟೀಗನ್ ವಾರಕ್ಕೆರಡು ಸಲ ಮಾಡುತ್ತಿದ್ದಳು. ಮಾತು ಒಂದು ಹದಕ್ಕೆ ಬರುವಷ್ಟರಲ್ಲಿ ಸಮಯ ಮುಗಿಯಿತೆಂದು ಫೋನಿನಲ್ಲಿ ಗಂಟೆ ಬಡಿದು ಕಟ್ಟಾಗುತ್ತಿತ್ತು.

"ಸಾಕ್ಸ್ ಯಾರು ಹಾಕ್ತಾರೆ ನಿಂಗೆ?" ಎಂದು ಒಮ್ಮೆ ಕೇಳಿದಳು.

"ಹಾಕ್ಕೊಳ್ಳೋದೇ ಬಿಟ್ಟಿದೀನಿ ಕಣೇ. ಬರೀ ಚಪ್ಪಲಿ."

"ಚಳಿಗಾಲದಲ್ಲೂ?"

ಆ ಕಡೆ ಮಗಳು ಬಾಯಿಗೆ ಕೈ ಅಡ್ಡ ಹಿಡಿದು ಅಳುತ್ತಿರುವುದು ಕೇಳಿಸಿತು. ಫೋನು ಕಟ್ಟಾಯಿತು. ಅಡುಗೆಮನೆಯ ಗೋಡೆಗೆ ಹಣೆ ಆನಿಸಿ ಮೊಯ್ರಾ ಬಹಳ ಹೊತ್ತು ನಿಂತಳು. ಮರುದಿನ ಬೆಳಿಗ್ಗೆ ಪಕ್ಕದ ಮನೆಯ ನೆವ್‌ನ ಬಾಗಿಲು ಬಡಿದು, "ನಂಗೊಂದು ಸಣ್ಣ ಕಾರು ಬೇಕು. ಬಸ್ಸಾದ್ರೆ ಬೇಕಾದಲ್ಲಿ ನಿಲ್ಲಲ್ಲ" ಎಂದಳು.

ನೆವ್ ರೈಲ್ವೆ ವರ್ಕ್‌ಶಾಪಿನಲ್ಲಿ ದುಡಿದು ನಿವೃತ್ತನಾದವನು. ಕಣ್ಣಿನ ಪೊರೆಯಿಂದಾಗಿ ಊರಾಚೆ ಗಾಡಿ ಓಡಿಸುತ್ತಿರಲಿಲ್ಲ, ಆದರೆ ಎಂಜಿನ್ನಿನ ಸದ್ದು ಕೇಳಿಯೇ ರೋಗ ಹೇಳುತ್ತಿದ್ದ. ಊರಿನಲ್ಲಿ ಎಲ್ಲರ ಮುಂದೆ ಮೊಯ್ರಾಳ ಜೊತೆ ಮಾತಾಡುತ್ತಿದ್ದವನು ಅವನೊಬ್ಬನೇ.

"ಸಣ್ಣ ಕಾರು ಅಂದ್ರೆ ನೆಲಕ್ಕೆ ಅಂಟಿಕೊಂಡಿರತ್ತೆ ಮಾರಾಯ್ತಿ. ಪಿಕಪ್ ಆದ್ರೆ ಹಂಗೇ ಜಾರಿ ಕೂರ್ತಿದ್ದೆ. ಇದು ಹೊಂಡಕ್ಕೆ ಇಳಿದಂಗೆ."

"ದೊಡ್ಡದಕ್ಕೆ ಪೆಟ್ರೋಲು ನಿಮ್ಮಪ್ಪ ಹಾಕ್ತಾನಾ?"

"ನಮ್ಮಪ್ಪ ಸತ್ತು ನಲವತ್ತು ವರ್ಷ ಆಯ್ತು. ಬದುಕಿದ್ರೂ ಹಾಕ್ತಿರ್ಲಿಲ್ಲ, ಮಹಾ ಜಿಪುಣ."

ಮೊದಲ ಕಾರು ಹತ್ತಿರದ ಊರು ಜೇಮ್ಸ್‌ಟೌನಿನ ಒಬ್ಬ ಶಾಲಾ ಮಾಸ್ತರರದು. ಬೆಳ್ಳಿ ಬಣ್ಣ, ಕನ್ನಡಿಯ ಹಾಗೆ ಉಜ್ಜಿಟ್ಟಿದ್ದರು. ನೆವ್‌ನ ಸೋದರಳಿಯ ಅವರಿಬ್ಬರನ್ನೂ ಅಲ್ಲಿ ಇಳಿಸಿ ತನ್ನ ಕೆಲಸಕ್ಕೆ ಹೋದ. ಮೊಯ್ರಾ ಚೀಲದಿಂದ ಪ್ಲಾಸ್ಟಿಕ್ ಕವರೊಂದನ್ನು ತೆಗೆದು ಸೀಟಿನ ಮೇಲೆ ಹಾಸಿದಳು. ಮೊದಲು ಹಿಂಭಾಗ ಊರಿ, ಕವರಿನ ಮೇಲೆ ಜಾರುತ್ತಾ ಎರಡೂ ಕಾಲನ್ನು ಒಟ್ಟಿಗೆ ಒಳಗೆ ತಿರುಗಿಸಬೇಕೆಂದು ಆಸ್ಪತ್ರೆಯ ವ್ಯಾಯಾಮದ ಹುಡುಗಿ ಹೇಳಿಕೊಟ್ಟಿದ್ದಳು. ಕೂತಳು. ಸೀಟು ಅವಳು ಎಣಿಸಿದ್ದಕ್ಕಿಂತ ಕೆಳಗಿತ್ತು. ಕೊನೆಯಲ್ಲಿ ಧೊಪ್ಪನೆ ಬಿದ್ದಳು. ಬೆನ್ನಿನೊಳಗೆ ಏನೋ ಕಚ್ಚಿ ಹಿಡಿಯಿತು.

"ಹೇಗಿದೆ?" ಎಂದರು ಮಾಸ್ತರರು.

ಅವಳಿಗೆ ಉಸಿರಾಡಲಾಗುತ್ತಿರಲಿಲ್ಲ. ಕೊನೆಗೆ ನೆವ್ ಒಂದು ಕಡೆ, ಮಾಸ್ತರರು ಒಂದು ಕಡೆ ಹಿಡಿದು ಅವಳನ್ನು ಹೊರಗೆಳೆದರು. ಮಾಸ್ತರರ ಹೆಂಡತಿ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಮೊಯ್ರಾಳ ಲಂಗ ಮೊಣಕಾಲಿನ ಮೇಲಕ್ಕೆ ಸರಿದಿತ್ತು, ಸರಿಪಡಿಸಿಕೊಳ್ಳಲು ಅವಳ ಕೈ ಬರಲಿಲ್ಲ. ನೆವ್ ತಾನೇ ಮುಖ ತಿರುಗಿಸಿ ಅದನ್ನು ಕೆಳಗೆಳೆದ.

ಪೋರ್ಟ್ ಪಿರೀ ಪಟ್ಟಣದ ಹಳೆ ಕಾರುಗಳ ಮಾರಾಟದಂಗಳದಲ್ಲಿ ಸಾಲಾಗಿ ನಿಂತ ಸಣ್ಣ ಕಾರುಗಳನ್ನೆಲ್ಲ ನೋಡಿದರು. ಒಂದರ ಬಾಗಿಲು ಕಿರಿದು, ಒಂದರ ಪೆಡಲು ದೂರ, ಮತ್ತೊಂದರ ಸೀಟು ಸೊಂಟದ ಬಳಿ ಬೋಗುಣಿಯ ಹಾಗೆ ಕುಸಿದಿತ್ತು. ಮಾರುವವನು ಮಾತಿನಮಲ್ಲ. "ಒಂದು ದಿಂಬು ಇಟ್ಕೊಂಡ್ರೆ ಆಯ್ತಮ್ಮ, ನಮ್ಮತ್ತೆನೂ ಹಂಗೇ ಮಾಡೋದು" ಎಂದ.

"ನಿಮ್ಮತ್ತೆ ಮೂರು ಗಂಟೆ ಓಡಿಸ್ತಾರಾ?" ಎಂದಳು ಮೊಯ್ರಾ.

"ಅಷ್ಟು ದೂರ ಎಲ್ಲಿಗಮ್ಮ ಹೋಗ್ತೀರಿ?"

"ಮಗಳ ಮನೆಗೆ" ಎಂದಳು. ನೆವ್ ತನ್ನ ಬೂಟು ನೋಡಿಕೊಂಡ.

ಬೇಸಿಗೆ ಕಳೆದು, ಉಪ್ಪುನೆಲದ ಕುರುಚಲು ಗಿಡಗಳ ಬಯಲಿನ ಮೇಲೆ ಬೆಳಗಿನ ಮಂಜು ಇಳಿಯತೊಡಗಿದ ಕಾಲಕ್ಕೆ ಒರರೂ ಊರಿನಲ್ಲಿ ಒಂದು ಸಿಕ್ಕಿತು. ಅಂಚೆ ಹಂಚುತ್ತಿದ್ದ ಡಾಫ್ನಿ ಎಂಬ ಮುದುಕಿಯ ಕಾರು. ಬ್ರೆಡ್ಡಿನ ಡಬ್ಬಿಯ ಹಾಗೆ ಉದ್ದ ಕಡಿಮೆ, ಎತ್ತರ ಹೆಚ್ಚು. ಸಾಸಿವೆ ಬಣ್ಣ, ಎಡಬದಿ ತುಂಬ ಗೀರು. ಮೊಯ್ರಾ ಕವರು ಹಾಸಿ ಕೂತಳು. ಇಳಿಯಬೇಕಾಗಲಿಲ್ಲ, ಏರಬೇಕಾಗಲಿಲ್ಲ. ಸೀಟು ಸರಿಯಾಗಿ ಅವಳ ಸೊಂಟದ ಮಟ್ಟಕ್ಕಿತ್ತು.

"ಒಂದು ಗಂಟೆ ಓಡಿಸಿ ನೋಡ್ಲಾ?" ಎಂದಳು.

"ಗಂಟೆನಾ!" ಡಾಫ್ನಿ ಸೊಂಟದ ಮೇಲೆ ಕೈಯಿಟ್ಟಳು. "ಕಾರು ನೋಡೋಕೆ ಬಂದಿದೀಯೋ, ಅದರೊಳಗೆ ಸಂಸಾರ ಹೂಡೋಕೆ ಬಂದಿದೀಯೋ?"

"ಬೆನ್ನು ಸರಿಯಿಲ್ಲ. ಹತ್ತು ನಿಮಿಷಕ್ಕೆ ಏನೂ ಗೊತ್ತಾಗಲ್ಲ. ಅರ್ಧ ಗಂಟೆ ಆದ್ಮೇಲೇ ಶುರುವಾಗೋದು."

ಮುದುಕಿ ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ಹೋಗ್ಬಿಟ್ಟು ಬಾ. ಈ ಮುದುಕಪ್ಪನ್ನ ಇಲ್ಲೇ ಬಿಟ್ಟು ಹೋಗು, ಒತ್ತೆಗೆ."

"ಇವಳು ವಾಪಸ್ ಬರದಿದ್ರೆ ನಾನು ನಿಂಗೇ ಗಂಟು" ಎಂದ ನೆವ್.

ಮೊಯ್ರಾ ಒಬ್ಬಳೇ ಹೊರಟಳು. ನೇರ ರಸ್ತೆ, ಎರಡೂ ಬದಿ ಬೋಳು ಬಯಲು, ತಂತಿಬೇಲಿಯ ಮೇಲೆ ಗುಲಾಬಿ ಬಣ್ಣದ ಗಲಾ ಗಿಳಿಗಳು. ಅರ್ಧ ಗಂಟೆ ಕಳೆಯಿತು. ನೋವು ಬರುವುದನ್ನು ಕಾಯುತ್ತಾ ಅವಳು ಸ್ಟಿಯರಿಂಗನ್ನು ಬಿಗಿಯಾಗಿ ಹಿಡಿದಿದ್ದಳು. ಅದು ಬಂತು, ಆದರೆ ಸೊಂಟದಲ್ಲೇ ನಿಂತಿತು. ಕಾಲಿಗೆ ಇಳಿಯಲಿಲ್ಲ. ಕಾರನ್ನು ಬದಿಗೆ ನಿಲ್ಲಿಸಿ ಅವಳು ಅತ್ತಳು. ಅಪಘಾತದ ಮಾರನೆ ದಿನವೂ ಅವಳು ಹಾಗೆ ಅತ್ತಿರಲಿಲ್ಲ.

ಅವಳು ವಾಪಸ್ ಬಂದಾಗ, ಎಂಜಿನ್ನಿನಲ್ಲಿ ಏನೋ ಕಟಕಟ ಅನ್ನುತ್ತಿದೆ ಎಂದ ನೆವ್, ಅವಳ ಮುಖ ನೋಡಿ, "ಅದೇನು ದೊಡ್ಡ ವಿಷಯ ಅಲ್ಲ ಬಿಡು" ಎಂದು ಬಾನೆಟ್ ಮುಚ್ಚಿದ. ಕಾರು ಅವಳದಾಯಿತು.

ಶನಿವಾರ ಬೆಳಕು ಹರಿಯುವಾಗಲೇ ಹೊರಟಳು. ಬರ್ರಾದಲ್ಲಿ ನಿಲ್ಲಿಸಿ ಉದ್ಯಾನದ ಬೆಂಚಿನ ಮೇಲೆ ಬೆನ್ನು ಚಾಚಿದಳು, ಮತ್ತೆ ಓಡಿಸಿದಳು. ಜೈಲಿನ ಮುಂದೆ ಇಳಿದಾಗ ತಾನೇ ನಂಬಲಾರದೆ ಒಂದು ಕೈಯನ್ನು ಕಾರಿನ ಬಿಸಿ ತಗಡಿನ ಮೇಲೆ ಇಟ್ಟುಕೊಂಡು ನಿಂತಳು. ತಪಾಸಣೆಯಲ್ಲಿ ಬೂಟು ಬಿಚ್ಚಬೇಕಿತ್ತು. ಅಂದು ಮಗಳಿಗೆ ತೋರಿಸಲೆಂದೇ ಸಾಕ್ಸೂ ಬೂಟೂ ಹಾಕಿಕೊಂಡಿದ್ದಳು. ಅದಕ್ಕೆ ಅವಳಿಗೆ ಅರ್ಧ ಗಂಟೆ ಹಿಡಿದಿತ್ತು. ಬಗ್ಗಲಾಗದೆ ನಿಂತವಳ ಲೇಸನ್ನು ಕಾವಲಿನ ಹೆಂಗಸೊಬ್ಬಳು ತಾನೇ ಕೂತು ಬಿಚ್ಚಿ, ಆಮೇಲೆ ಕಟ್ಟಿಯೂ ಕೊಟ್ಟಳು.

ಒಳಗೆ ಉದ್ದನೆಯ ಹಜಾರ. ಕುಳ್ಳ ಮೇಜುಗಳು, ನೆಲಕ್ಕೆ ಬಿಗಿದ ಕುಳ್ಳ ಪೀಠಗಳು, ಅವಕ್ಕೆ ಒರಗಲು ಬೆನ್ನೇ ಇಲ್ಲ. ಕಾರಿನ ಸೀಟು ನೋಡಲು ಎಷ್ಟೋ ಊರು ತಿರುಗಿದ್ದ ಮೊಯ್ರಾ, ಇಲ್ಲಿ ಎಂಥದರ ಮೇಲೆ ಕೂರಬೇಕೆಂದು ಒಮ್ಮೆಯೂ ಯೋಚಿಸಿರಲಿಲ್ಲ.

ಟೀಗನ್ ಬಂದಳು. ಕೂದಲು ಮೋಟಾಗಿತ್ತು, ಮುಖ ಊದಿತ್ತು. ಒಮ್ಮೆ ತಬ್ಬಿಕೊಳ್ಳಲು ಬಿಟ್ಟರು.

"ನಿಂತುಕೊಂಡು ಮಾತಾಡಬಹುದಾ?" ಎಂದು ಮೊಯ್ರಾ ಕಾವಲಿನವಳನ್ನು ಕೇಳಿದಳು.

"ಎಲ್ಲರೂ ಕೂತಿರಬೇಕಮ್ಮ. ಬೇಕಾದ್ರೆ ಬೇಗ ಮುಗಿಸಿ ಹೋಗ್ಬಹುದು" ಎಂದಳು ಅವಳು, ಮೆಲ್ಲಗೆ.

ಮೊಯ್ರಾ ಕೂತಳು. "ಕಾರು ನೋಡ್ಬೇಕಿತ್ತು ನೀನು. ಸಾಸಿವೆ ಬಣ್ಣ. ನೆವ್ ಅದಕ್ಕೆ ಮಸ್ಟರ್ಡ್ ಅಂತಲೇ ಹೆಸರಿಟ್ಟಿದಾನೆ."

"ಸಾಕ್ಸ್ ಹಾಕಿದೀಯಾ!" ಟೀಗನ್ ಮೇಜಿನ ಕೆಳಗೆ ನೋಡಿ ನಕ್ಕಳು. "ಎರಡೂ ಬೇರೆ ಬೇರೆ ಬಣ್ಣ ಕಣಮ್ಮ."

"ಸಿಕ್ಕಿದ್ದು ಹಾಕ್ಕೊಂಡೆ."

ಇಬ್ಬರೂ ನಕ್ಕರು. ಆ ನಗುವಿನಲ್ಲೇ ಮೊಯ್ರಾಳ ಬೆನ್ನು ಹಿಡಿಯಿತು. ಉಸಿರು ಅರ್ಧಕ್ಕೆ ನಿಂತಿತು, ಮುಖ ಬಿಳಿಚಿತು. ಮೇಜಿನ ಅಂಚು ಹಿಡಿದು ಅವಳು ನಿಧಾನವಾಗಿ ಜಾರಿ ಮೊಣಕಾಲೂರಿದಳು. ಬಾಯಿಂದ ಬಂದ ಸದ್ದು ತನ್ನದೆಂದೇ ಅವಳಿಗೆ ತಿಳಿಯಲಿಲ್ಲ.

ಟೀಗನ್ ಎದ್ದು ಮೇಜು ದಾಟಿ ಬಂದು, ಮನೆಯಲ್ಲಿ ಮಾಡುತ್ತಿದ್ದ ಹಾಗೆಯೇ ತಾಯಿಯ ಕಂಕುಳಿಗೆ ಕೈಕೊಟ್ಟಳು.

"ಕೂತ್ಕೋ ಟೀಗನ್! ಕೂತ್ಕೋ ಅಂದೆ!" ಎಂದು ಕೂಗುತ್ತಾ ಕಾವಲಿನವಳು ಮೊಯ್ರಾಳ ತೋಳಿಗೆ ಕೈ ಹಾಕಿದಳು.

"ಅವಳಿಗೆ ಬೆನ್ನು ಹಿಡಿದಿದೆ! ಹೇಗೆ ಎತ್ಬೇಕು ಅಂತ ನಿಮಗೆ ಗೊತ್ತಾ? ಎಳೀಬೇಡಿ ಅವಳನ್ನ!"

ಇನ್ನಿಬ್ಬರು ಕಾವಲಿನವರು ಓಡಿಬಂದರು. ಒಬ್ಬಳು ಟೀಗನ್‌ಳ ತೋಳು ಹಿಡಿದಾಗ ಅವಳು ಕೊಸರಿದಳು, ಮೊಣಕೈ ಕಾವಲಿನವಳ ಬಾಯಿಗೆ ತಾಗಿತು. ಬೇಕೆಂದು ಮಾಡಿದ್ದಲ್ಲ. ಆದರೂ ಅವಳನ್ನು ಕೈ ಹಿಂದಕ್ಕೆ ಹಿಡಿದು ಒಳಗೆ ಕರೆದೊಯ್ದರು. ಬಾಗಿಲು ಮುಚ್ಚುವವರೆಗೂ ಅವಳು ಕತ್ತು ತಿರುಗಿಸಿ, "ಮೊದಲು ಎಡಗಡೆ ಹಿಡೀರಿ! ಎಡಗಡೆ!" ಎಂದು ಕೂಗುತ್ತಿದ್ದಳು.

ಮೊಯ್ರಾಳನ್ನು ಹೊರಗಿನ ಕೋಣೆಯ ನೆಲದ ಮೇಲೆ ಮಲಗಿಸಿದರು. ನರ್ಸು ಬಂದು ಸೂಜಿ ಚುಚ್ಚಿದಳು. ಸಂಜೆಯ ಹೊತ್ತಿಗೆ ಎದ್ದು, ಕವರಿನ ಮೇಲೆ ಜಾರಿ ಕೂತು, ಕಾಂಗರೂಗಳು ರಸ್ತೆಗೆ ಇಳಿಯುವ ಹೊತ್ತಿನಲ್ಲಿ ಮೆಲ್ಲಗೆ ಓಡಿಸಿಕೊಂಡು ಮನೆ ಸೇರಿದಳು.

ಎರಡು ವಾರ ಫೋನು ಬರಲಿಲ್ಲ. ಬಂದಾಗ ಟೀಗನ್‌ಳ ದನಿ ತಣ್ಣಗಿತ್ತು.

"ಏನ್ ಮಾಡಿದ್ರೇ ನಿಂಗೆ?" ಎಂದು ಮೊಯ್ರಾ ಕೇಳಿದಳು.

"ಏನಿಲ್ಲ. ಇಲ್ಲಿ ತೋಟದ ಕೆಲಸ ಕೊಟ್ಟಿದ್ರು, ಅದನ್ನ ಕಿತ್ಕೊಂಡ್ರು. ಬೇಗ ಬಿಡುಗಡೆ ಕೇಳಿದ್ನಲ್ಲ, ಅದೂ ಮುಂದಕ್ಕೆ ಹೋಯ್ತು."

"ನಾನು ಬರಬಾರದಿತ್ತು."

"ಅಮ್ಮಾ, ಕೇಳು. ನಿನ್ನ ಹೆಸರು ತೆಗೆಸಿದೀನಿ. ನೋಡೋಕೆ ಬರೋರ ಪಟ್ಟಿಯಿಂದ."

"ಅದನ್ನ ನೀನು ಮಾಡ್ಬಹುದಾ?"

"ಮಾಡ್ಬಹುದು. ಮಾಡಿದೀನಿ. ನೀನು ಮಂಡಿಯೂರಿದ್ದು ಕಣ್ಣು ಮುಚ್ಚಿದ್ರೆ ಕಾಣತ್ತೆ. ಇನ್ನೊಂದು ಸಲ ನನ್ ಕೈಲಾಗಲ್ಲ."

"ಕಾರಿದೆಯಲ್ಲೇ" ಎಂದಳು ಮೊಯ್ರಾ. "ಕಾರು ತಗೊಂಡಿದೀನಲ್ಲೇ."

ಗಂಟೆ ಬಡಿಯಿತು.

ಮುಂದಿನ ಶನಿವಾರವೂ ಅವಳು ಹೊರಟಳು. ಹಾಗೆ ಹೇಳಿದರೂ ಮಗಳು ಮಾಡಿರಲಾರಳು ಎಂದು ದಾರಿಯುದ್ದಕ್ಕೂ ಅಂದುಕೊಂಡಳು. ಕಿಟಕಿಯಲ್ಲಿದ್ದ ಹೆಂಗಸು ಎರಡು ಸಲ ಹುಡುಕಿ, "ಇಲ್ಲಮ್ಮ, ಹೆಸರಿಲ್ಲ" ಎಂದಳು. ಹಿಂದೆ ನಿಂತವರಿಗೆ ದಾರಿ ಬಿಟ್ಟು ಮೊಯ್ರಾ ಕಾರಿಗೆ ಮರಳಿದಳು. ಭೇಟಿಯ ಸಮಯ ಮುಗಿದು, ಬಂದವರೆಲ್ಲ ಕಣ್ಣೊರೆಸುತ್ತಾ ಮಕ್ಕಳ ಕೈಹಿಡಿದು ಹೊರಬರುವವರೆಗೂ ಅಲ್ಲೇ ಕೂತಿದ್ದಳು. ಅಷ್ಟು ಹೊತ್ತು ಕೂತರೂ ನೋವು ಕಾಲಿಗೆ ಇಳಿಯಲಿಲ್ಲ. ಇಳಿದಿದ್ದರೆ ಮಗಳನ್ನು ನೋಡಲಾಗದ್ದಕ್ಕೆ ಬೆನ್ನಿನ ನೆಪವಾದರೂ ಇರುತ್ತಿತ್ತು.

ನೆವ್ ಒಮ್ಮೆ, "ಮಾರಿಬಿಡೇ ಅದನ್ನ, ಸುಮ್ನೆ ನಿಲ್ಲಿಸಿಕೊಂಡು ಏನ್ ಮಾಡ್ತೀಯ" ಎಂದ. ಅವಳು ನೋಡಿದ ನೋಟಕ್ಕೆ ಅವನು ಮತ್ತೆಂದೂ ಆ ಮಾತೆತ್ತಲಿಲ್ಲ. ಅವನ ಕಣ್ಣಿನ ಆಸ್ಪತ್ರೆಗೆ ಪೋರ್ಟ್ ಪಿರೀವರೆಗೆ ಅವಳೇ ಕರೆದುಕೊಂಡು ಹೋಗುತ್ತಾಳೆ. ಉಳಿದ ದಿನ ಅದು ಅಂಗಳದಲ್ಲಿ ಧೂಳು ಹಿಡಿದು ನಿಂತಿರುತ್ತದೆ.

ಟೀಗನ್ ಈಗಲೂ ಫೋನು ಮಾಡುತ್ತಾಳೆ. ಕ್ಯಾಲಮನ ಮಾತು ಇಬ್ಬರೂ ಆಡುವುದಿಲ್ಲ, ಆ ಶನಿವಾರದ ಮಾತೂ ಇಲ್ಲ, ಬಿಡುಗಡೆಯ ಮಾತಂತೂ ಇಲ್ಲವೇ ಇಲ್ಲ. ಹಾಗಾಗಿ ಮಾತಿಗೆ ಉಳಿದದ್ದು ಒಂದೇ.

"ಕಾರು ಹೇಗಿದೆ?"

"ಚೆನ್ನಾಗಿದೆ. ಬೆಳಿಗ್ಗೆ ಸ್ವಲ್ಪ ಸತಾಯಿಸತ್ತೆ."

"ಟೈರಿಗೆ ಗಾಳಿ ಹಾಕಿಸಿದ್ಯಾ?"

"ಹಾಕಿಸಿದೆ ಕಣೇ" ಎನ್ನುತ್ತಾಳೆ ಮೊಯ್ರಾ, ಹಾಕಿಸಿರುವುದಿಲ್ಲ. ಆಮೇಲೆ ಇಬ್ಬರೂ ಒಬ್ಬರ ಉಸಿರನ್ನೊಬ್ಬರು ಕೇಳುತ್ತಾ, ಗಂಟೆ ಬಡಿಯುವುದನ್ನೇ ಕಾಯುತ್ತಾರೆ.