ಸೀಟಿ ಊದಿದರ ಓಡತಿದ್ದ ಬೀರಪ್ಪ

ಐವತ್ತರ ದಶಕದಾಗ ನಾನು ಕಾಲೇಜಿನ ಬಾಸ್ಕೆಟ್‌ಬಾಲ್ ಕೋಚ್ ಆಗಿದ್ದೆ. ಆಟ ನನಗೂ ಹೊಸದು, ಹುಡುಗರಿಗೂ ಹೊಸದು. ಜತ್ತ ಊರಾಗಿನ ಮ್ಯಾಚ್ ಸೋತರ ಬಾಸ್ಕೆಟ್‌ಬಾಲ್ ಕಂಬ ಕಿತ್ತಿಸಿ ಕಬಡ್ಡಿ ಆಡಸ್ತೀನಿ ಅಂತ ಪ್ರಿನ್ಸಿಪಾಲರು ಖಡಾಖಡಿ ಹೇಳಿದ್ರು. ನನ್ನ ಭರವಸೆ ಎಲ್ಲಾ ಉಟಗಿಯ ಕುರಿಗಾರರ ಮಗ ಬೀರಪ್ಪನ ಮ್ಯಾಲ. ಅವ ಕೈ ಎತ್ತಿದರ ರಿಂಗಿಗೇ ಹತ್ತತಿತ್ತು.

ತಾಲೀಮಿನಾಗ ನಾನು ಸೀಟಿ ಊದಿದರ ಎಲ್ಲಾರೂ ನಿಂದ್ರತಿದ್ರು, ಬೀರಪ್ಪ ಓಡತಿದ್ದ. ಜೋರಾಗಿ ಊದಿದರ ಇನ್ನೂ ಜೋರಾಗಿ ಓಡತಿದ್ದ. ಕಡೀಕ, "ಕಿವಿ ಮಂದ ಅದಾವೇನೋ?" ಅಂತ ಕೇಳೇಬಿಟ್ಟೆ.

"ಇಲ್ರಿ ಸರ. ಸೀಟಿ ಹೊಡದ್ರ ಹೊಂಡಬೇಕಲ್ರಿ? ನಮ್ಮ ಕುರಿ ಹಂಗ ಹೊಂಡತಾವ."

"ಮತ್ತ ಅವನ್ನ ನಿಂದ್ರಸೂದು ಹ್ಯಾಂಗ?"

"ಮುಂದ ಹೋಗಿ ಸುಮ್ಮ ನಿಂದ್ರತೀವ್ರಿ. ಅವೂ ನಿಂದ್ರತಾವ."

ತಿಳಿಸಿ ಹೇಳಿದೆ, ಬೈದೆ. ಅವನ ತಲಿಗೆ ತಿಳೀತು, ಕಾಲಿಗೆ ತಿಳೀಲಿಲ್ಲ.

ಮ್ಯಾಚಿನಾಗ ರೆಫರಿ ಸೀಟಿ ಊದಿದ. ಬೀರಪ್ಪ ಚೆಂಡು ಅವುಚಿಕೊಂಡು ಓಟ ಕಿತ್ತ. ಏನು ಮಾಡಬೇಕೋ ತಿಳೀದ ನಾನು ಅಂಗಳದಾಗ ನುಗ್ಗಿ ಅವನ ಮುಂದ ಸುಮ್ಮ ನಿಂತೆ. ಅವನೂ ನಿಂತ. ಅಷ್ಟರಾಗ ರೆಫರಿ ಸಿಟ್ಟಿಲೆ ಬಂದು, "ಹೊರಗ ನಡೀರಿ" ಅಂತ ನನಗ ಕೈ ತೋರಿಸಿದ. ತಲಿ ತಗ್ಗಿಸಿ ಹೊಂಟೆ. ಗೆರಿ ದಾಟಿ ತಿರುಗಿ ನೋಡಿದರ ನನ್ನ ಹಿಂದ ಬೀರಪ್ಪ, ಅವನ ಹಿಂದ ಸಾಲಾಗಿ ನಮ್ಮ ಇಡೀ ತಂಡ!

ಮ್ಯಾಚ್ ಸೋತಿವಿ, ಕಂಬ ಮರುದಿನಾನ ಕಿತ್ತರು. ಆದರ ಕೋಚನ ಹಿಂದ ಅಷ್ಟು ಶಿಸ್ತಿಲೆ ನಡದ ತಂಡ ಆಮ್ಯಾಲ ನಾನೆಲ್ಲೂ ಕಾಣಲಿಲ್ಲ.